ಸಾಹೇಬರ ಪುಟ ತಿದ್ದುವ ಮುಂಚೆ

ಎಣಿಕೆ ಕೇಂದ್ರದ ಹೊರಗೆ ಗುಲಾಲು ಹಾರುತ್ತಿರುವಾಗಲೇ ನೀವು ಮೊಬೈಲ್ ತೆಗೆದು, ವಿಕಿಪೀಡಿಯದಲ್ಲಿ ಗೆದ್ದ ಸಾಹೇಬರ ಪುಟಕ್ಕೆ ‘ಹಾಲಿ ಶಾಸಕರು’ ಅಂತ ಸೇರಿಸುತ್ತೀರಲ್ಲ, ಆ ಉತ್ಸಾಹ ನನಗೆ ಇಷ್ಟವೇ. ಬೇಸರ ಬರುವುದು ಅದರ ಮುಂದಿನ ಸಾಲಿಗೆ. ‘ಬಡವರ ಬಂಧು, ಅಭಿವೃದ್ಧಿಯ ಹರಿಕಾರ, ಕ್ಷೇತ್ರದ ಮನೆಮಗ.’ ಅರ್ಧ ತಾಸಿಗೆ ಸೋತ ಕಡೆಯ ಹುಡುಗ ಬಂದು ಅದನ್ನೆಲ್ಲ ಅಳಿಸಿ ಬಾಯಿಗೆ ಬಂದದ್ದನ್ನು ಬರೆದಿಟ್ಟು ಹೋಗುತ್ತಾನೆ. ಅವನದನ್ನು ನೀವು ಅಳಿಸುತ್ತೀರಿ, ನಿಮ್ಮದನ್ನು ಅವನು. ರಾತ್ರಿ ಹನ್ನೊಂದಾದರೂ ಇಬ್ಬರಿಗೂ ಊಟವಿಲ್ಲ. ಸಾಹೇಬರು ಮಾತ್ರ ಉಂಡು ಮಲಗಿರುತ್ತಾರೆ.

ಬೈಲಹೊಂಗಲದಲ್ಲಿ ಮಕ್ಕಳ ನಿಬಂಧ ತಿದ್ದುತ್ತಾ ಕೂದಲು ಹಣ್ಣಾದವಳು ನಾನು. ನಿವೃತ್ತಿಯಾದ ಮೇಲೆ ಕನ್ನಡ ವಿಕಿಪೀಡಿಯ ತಿದ್ದುತ್ತೇನೆ. ಕೆಂಪು ಶಾಯಿ ಒಂದಿಲ್ಲ, ಉಳಿದದ್ದೆಲ್ಲ ಅದೇ ಕೆಲಸ. ಹಾಗಾಗಿ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ನೀವೆಲ್ಲ ನನ್ನ ತರಗತಿಯವರೇ ಅಂದುಕೊಂಡು ನಾಲ್ಕು ಮಾತು ಹೇಳುತ್ತೇನೆ. ಬೈಗುಳ ಅಂದುಕೊಳ್ಳಬೇಡಿ. ಅಂದುಕೊಂಡರೂ ಅಡ್ಡಿಯಿಲ್ಲ, ಕೇಳಿಸಿಕೊಳ್ಳಿ.

ಮೊದಲು ಒಂದು ಹಳೆಯ ಸಂಗತಿ. ಅಮೆರಿಕದಲ್ಲಿ ಜಾನ್ ಸೀಗನ್‌ಥಾಲರ್ ಅಂತ ಒಬ್ಬ ಹಿರಿಯ ಪತ್ರಕರ್ತರಿದ್ದರು. ಒಂದು ಕಾಲಕ್ಕೆ ರಾಬರ್ಟ್ ಕೆನಡಿಯ ಜೊತೆ ಕೆಲಸ ಮಾಡಿದವರು, ಆತನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. 2005ರ ಮೇ ತಿಂಗಳಲ್ಲಿ ಯಾರೋ ಒಬ್ಬ ಅವರ ವಿಕಿಪೀಡಿಯ ಪುಟದಲ್ಲಿ, ಕೆನಡಿ ಸೋದರರ ಕೊಲೆಯಲ್ಲಿ ಇವರ ಕೈವಾಡವಿತ್ತೆಂಬ ಅನುಮಾನವಿತ್ತು ಅಂತ ಬರೆದುಬಿಟ್ಟ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಆ ಸಾಲು ಅಲ್ಲೇ ಇತ್ತು. ಆಮೇಲೆ ಸಿಕ್ಕಿಬಿದ್ದವ ಹೇಳಿದ್ದೇನು? ಜೊತೆಗೆ ಕೆಲಸ ಮಾಡುವವನೊಬ್ಬನಿಗೆ ತಮಾಷೆ ಮಾಡಲಿಕ್ಕೆ ಬರೆದದ್ದಂತೆ. ಎಪ್ಪತ್ತೆಂಟರ ಆ ಹಿರಿಯರಿಗೆ ಎಂಥ ತಮಾಷೆ ನೋಡಿ. ಆ ಗದ್ದಲದ ಬೆನ್ನಿಗೇ, ಅದೇ ವರ್ಷದ ಕೊನೆಗೆ, ಬದುಕಿರುವವರ ಜೀವನಚರಿತ್ರೆಗೆಂದೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಟ್ಟುನಿಟ್ಟಿನ ನಿಯಮ ಬಂತು. ಬದುಕಿರುವವರ ಬಗ್ಗೆ ಆಧಾರವಿಲ್ಲದ ಕೆಟ್ಟ ಮಾತು ಕಂಡರೆ ಚರ್ಚೆಗೂ ಕಾಯಬೇಡಿ, ತೆಗೆಯಿರಿ ಅನ್ನುವುದು ಅದರ ತಿರುಳು. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯದಲ್ಲಿ ಕಾವಲು ಕಾಯುವ ಕಣ್ಣುಗಳು ಇಂಗ್ಲಿಷಿನಷ್ಟಿಲ್ಲ. ಅಲ್ಲಿ ನಾಲ್ಕು ತಿಂಗಳು ಉಳಿದ ಸುಳ್ಳು ಇಲ್ಲಿ ನಾಲ್ಕು ವರ್ಷ ಉಳಿದೀತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಅಂತ ನೀವು ಕೇಳುತ್ತೀರಿ. ಚುನಾವಣೆ ಹೊತ್ತಿಗೆ ಹೊಗೆ ಹಾಕಲಿಕ್ಕೆಂದೇ ಜನ ಇರುತ್ತಾರೆ, ಅದು ನಿಮಗೂ ಗೊತ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ಎತ್ತಿ ಪುಟಕ್ಕೆ ಹಾಕುವುದೆಂದರೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಎಫ್‌ಐಆರ್ ದಾಖಲಾಗುವುದು ಬೇರೆ, ಆರೋಪಪಟ್ಟಿ ಸಲ್ಲಿಕೆಯಾಗುವುದು ಬೇರೆ, ಶಿಕ್ಷೆಯಾಗುವುದು ಬೇರೆ. ಮೂರನ್ನೂ ಒಂದೇ ಬುಟ್ಟಿಗೆ ತುಂಬಿ ‘ಭ್ರಷ್ಟಾಚಾರದಲ್ಲಿ ಸಿಕ್ಕಿಬಿದ್ದವರು’ ಅಂತ ಬರೆಯಬೇಡಿ. ಇನ್ನೊಂದು ಕೆಟ್ಟ ಚಾಳಿ ಇದೆ. ದೂರು ದಾಖಲಾದ ದಿನ ಓಡೋಡಿ ಬಂದು ಬರೆದವರು, ಐದು ವರ್ಷದ ಮೇಲೆ ನ್ಯಾಯಾಲಯ ಖುಲಾಸೆ ಮಾಡಿದಾಗ ಆ ಕಡೆ ತಲೆ ಹಾಕುವುದಿಲ್ಲ. ಬರೆದವರು ನೀವಾದರೆ ಮುಗಿಸುವ ಜವಾಬ್ದಾರಿಯೂ ನಿಮ್ಮದೇ. ಖುಲಾಸೆಯನ್ನು ಬರೆಯುವ ತಾಳ್ಮೆ ಇಲ್ಲದವರು ದೂರನ್ನೂ ಬರೆಯಕೂಡದು.

ಹಾಗಾದರೆ ಯಾವುದನ್ನು ನಂಬಬೇಕು? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ. ಗೆದ್ದ ಅಂತರ, ಬಿದ್ದ ಮತ ಬೇಕೇ, ಚುನಾವಣಾ ಆಯೋಗದ ಲೆಕ್ಕ ಇದೆ. ಪ್ರಜಾವಾಣಿ, ಸಂಯುಕ್ತ ಕರ್ನಾಟಕದಂಥ ಪತ್ರಿಕೆಯ ವರದಿ ಇದೆ. ಜಿಲ್ಲಾ ಗ್ಯಾಸೆಟಿಯರ್ ಇದೆ. ನಾಮಪತ್ರದ ಜೊತೆ ಅಭ್ಯರ್ಥಿ ಕೊಡುವ ಪ್ರಮಾಣಪತ್ರದಲ್ಲಿ ಆಸ್ತಿ, ವಿದ್ಯಾಭ್ಯಾಸ, ಮೊಕದ್ದಮೆ ಎಲ್ಲ ಇರುತ್ತದೆ ನಿಜ. ಆದರೆ ಅದರೊಳಗಿಂದ ಮೊಕದ್ದಮೆಗಳನ್ನು ನೀವೇ ಹೆಕ್ಕಿ ಪಟ್ಟಿ ಮಾಡುತ್ತ ಕೂರಬೇಡಿ. ಅದನ್ನು ಓದಿ, ತೂಗಿ, ಒಂದು ಒಳ್ಳೆಯ ಪತ್ರಿಕೆ ಬರೆದಿದ್ದರೆ ಆ ವರದಿಯನ್ನು ಹಿಡಿಯಿರಿ. ನೀವು ಬರೆಯುತ್ತಿರುವುದು ವಿಶ್ವಕೋಶ, ತನಿಖೆಯಲ್ಲ. ಹುಟ್ಟುಹಬ್ಬದ ಪುರವಣಿಯನ್ನಂತೂ ದೂರವಿಡಿ. ಅದು ಸುದ್ದಿಯಲ್ಲ, ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಅಭಿನಂದನ ಗ್ರಂಥದ ವಿಷಯದಲ್ಲಿ ನನ್ನದೊಂದು ಲೆಕ್ಕವಿದೆ: ಹುಟ್ಟಿದ ಊರು, ಓದಿದ ಶಾಲೆ, ಹಿಡಿದ ಹುದ್ದೆಯ ವರ್ಷ, ಇಷ್ಟಕ್ಕೆ ಅದು ಸಾಕು. ದೊಡ್ಡಸ್ತಿಕೆಗೆ ಅದನ್ನು ಸಾಕ್ಷಿ ಕರೆಯಬಾರದು. ಶಾಲು ಹೊದಿಸುವ ದಿನ ಯಾರೂ ಕುಂದು ಹೇಳುವುದಿಲ್ಲ.

ಪ್ರೀತಿಯೂ ತಪ್ಪು ಬರೆಸುತ್ತದೆ. ನಮ್ಮ ಚೆನ್ನಮ್ಮ ರಾಣಿಯನ್ನೇ ನೋಡಿ. ಡಾಲ್‌ಹೌಸಿಯ ದತ್ತು ಕಾನೂನಿನ ವಿರುದ್ಧ ಹೋರಾಡಿದಳು ಅಂತ ನಿಮ್ಮಲ್ಲಿ ಅರ್ಧ ಜನ ಬರೆಯುತ್ತೀರಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಕೋಟೆಯೆದುರು ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ಕ್ಕೆ. ಮಧ್ಯೆ ಇಪ್ಪತ್ತಮೂರು ವರ್ಷಕ್ಕೂ ಹೆಚ್ಚು. ಕಿತ್ತೂರಿನ ವಾರಸಿಗೆಂದು ಮಾಡಿದ ಶಿವಲಿಂಗಪ್ಪನ ದತ್ತಕವನ್ನು ಕಂಪನಿಯವರು ಒಪ್ಪಲಿಲ್ಲ ಅನ್ನುವುದು ಖರೆ. ಆಗ ಮುಂಬಯಿಯಲ್ಲಿ ಗವರ್ನರ್ ಆಗಿದ್ದವನು ಎಲ್ಫಿನ್‌ಸ್ಟನ್. ಅಷ್ಟನ್ನೇ ಬರೆದರೆ ರಾಣಿಯ ಘನತೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಆಕೆ ತೀರಿಕೊಂಡ ದಿನವನ್ನು 1829ರ ಫೆಬ್ರುವರಿ 2 ಅಂತ ಕೆಲವರು, 21 ಅಂತ ಕೆಲವರು ಬರೆಯುತ್ತಾರೆ. ಸಮಾಧಿ ಇರುವುದು ನಮ್ಮ ಬೈಲಹೊಂಗಲದಲ್ಲೇ. ಹಾಗಂತ ‘ನಾವು ಊರವರು, ನಮಗೇ ಗೊತ್ತು’ ಅಂತ ಒಂದನ್ನು ಅಳಿಸಿ ಇನ್ನೊಂದನ್ನು ಕೂರಿಸಿದರೆ ಆದೀತೇ? ಎರಡನ್ನೂ ಬರೆಯಿರಿ, ಯಾವುದಕ್ಕೆ ಯಾರ ಆಧಾರ ಅಂತ ಪಕ್ಕದಲ್ಲಿ ನಮೂದಿಸಿ.

ಈಗ ನ್ಯಾಯದ ವಿಚಾರ. ಅರ್ಧ ಹೊಗಳಿಕೆ, ಅರ್ಧ ತೆಗಳಿಕೆ ಹಾಕಿಬಿಟ್ಟರೆ ಪುಟ ನ್ಯಾಯವಾಯಿತು ಅಂದುಕೊಂಡಿದ್ದೀರಿ. ಹಿಟ್ಟಿಗೆ ಸಮ ಉಪ್ಪು ಹಾಕಿ ರೊಟ್ಟಿ ಬಡಿದವರುಂಟೇ? ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರನ್ನು ತೆಗೆದುಕೊಳ್ಳಿ. 1974ರ ಭೂಸುಧಾರಣೆಯಿಂದ ಗೇಣಿ ಹೊಲ ಸ್ವಂತದ್ದಾದ ಮನೆಗಳಲ್ಲಿ ಅವರ ಫೋಟೊಕ್ಕೆ ಊದುಬತ್ತಿ ಹಚ್ಚುವುದನ್ನು ನಾನು ಕಂಡಿದ್ದೇನೆ. ಅದೇ ಓಣಿಯ ಮೇಲ್ಗಡೆ, ಹೊಲ ಕಳೆದುಕೊಂಡವರ ಪಡಸಾಲೆಯಲ್ಲಿ ಅವರ ಹೆಸರೆತ್ತಿದರೆ ಚಹಾ ಆರಿಹೋಗುತ್ತಿತ್ತು. ಈ ಎರಡು ಮನೆಯ ಮೊಮ್ಮಕ್ಕಳು ಇವತ್ತು ಒಂದೇ ಪುಟ ತಿದ್ದಲಿಕ್ಕೆ ಕೂತಿದ್ದೀರಿ. ಏನು ಮಾಡಬೇಕು? ಕಾನೂನು ಬರೆಯಿರಿ, ಹಿಂದುಳಿದ ವರ್ಗಗಳ ಹಾವನೂರು ಆಯೋಗ ಬರೆಯಿರಿ, ತುರ್ತುಪರಿಸ್ಥಿತಿಯಲ್ಲಿ ಅವರು ಇಂದಿರಾ ಗಾಂಧಿಯವರ ಪಕ್ಷದಲ್ಲೇ ನಿಂತದ್ದು ಬರೆಯಿರಿ, 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅವರ ಮೇಲಿನ ಆರೋಪಗಳ ವಿಚಾರಣೆಗೆ ಗ್ರೋವರ್ ಆಯೋಗ ನೇಮಿಸಿದ್ದೂ ಬರೆಯಿರಿ. ಯಾವುದಕ್ಕೆ ಎಷ್ಟು ಜಾಗ ಅನ್ನುವುದು ನಿಮ್ಮ ಮನೆಯ ನೋವು ನಲಿವಿನ ಮೇಲಲ್ಲ, ಚರಿತ್ರೆ ಬರೆದವರು ಯಾವುದಕ್ಕೆ ಎಷ್ಟು ತೂಕ ಕೊಟ್ಟಿದ್ದಾರೆ ಅನ್ನುವುದರ ಮೇಲೆ. ರಾಮಕೃಷ್ಣ ಹೆಗಡೆಯವರಿಗೂ ಅದೇ ಅಳತೆ. 1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟದ್ದನ್ನು ಮುಚ್ಚಿಡಬೇಡಿ. ಅದಕ್ಕೆ ಆರು ಪ್ಯಾರಾ ಕೊಟ್ಟು, ಸಚಿವ ನಜೀರ್ ಸಾಬರ ಜೊತೆ ಸೇರಿ ತಂದ ಜಿಲ್ಲಾ ಪರಿಷತ್ತಿನ ವ್ಯವಸ್ಥೆಗೆ ಒಂದೇ ಸಾಲು ಕೊಡುವುದೂ ಬೇಡ. ಮೂವತ್ತು ವರ್ಷ ರಾಜಕಾರಣ ಮಾಡಿದವರು ಒಂದು ಸಭೆಯಲ್ಲಿ ನಾಲಿಗೆ ತಪ್ಪಿದ್ದಕ್ಕೆ ಪುಟದ ಅರ್ಧ ಭಾಗ ಮೀಸಲಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕನ್ನಡಕ್ಕೆ ಇನ್ನೊಂದು ಕಷ್ಟವಿದೆ, ಅದು ಇಂಗ್ಲಿಷಿನವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಪಕ್ಷಪಾತ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ನಿಮ್ಮ ನಾಯಕರು ‘ಹುಟ್ಟಿದರು’, ಎದುರು ಪಕ್ಷದವ ‘ಹುಟ್ಟಿದ’. ನಿಮ್ಮವರು ‘ಹೇಳಿದರು’, ಅವರು ‘ಹೇಳಿಕೊಂಡರು’. ನಿಮ್ಮವರು ಪಕ್ಷ ‘ಸೇರಿದರು’, ಅವರು ‘ಜಿಗಿದರು’. ಒಂದೂ ಸುಳ್ಳಿಲ್ಲ, ಆದರೂ ಪುಟ ವಾರೆಯಾಯಿತು. ರಾಜಕಾರಣಿ ಯಾವ ಪಕ್ಷದವರಿರಲಿ, ಬಹುವಚನವನ್ನೇ ಬಳಸಿ. ಶ್ರೀ, ಸನ್ಮಾನ್ಯ, ಸಾವಕಾರ, ಧಣಿ, ಅಣ್ಣ ಇವನ್ನೆಲ್ಲ ಫ್ಲೆಕ್ಸಿಗೆ ಬಿಟ್ಟುಬಿಡಿ. ತೀರಿಕೊಂಡವರ ವಿಷಯದಲ್ಲೂ ಹಾಗೆಯೇ. ನಮ್ಮ ಮನೆಯಲ್ಲಿ ‘ಲಿಂಗೈಕ್ಯರಾದರು’ ಅನ್ನುತ್ತೇವೆ, ಪಕ್ಕದ ಮನೆಯಲ್ಲಿ ‘ಸ್ವರ್ಗಸ್ಥರಾದರು’. ಪುಟದಲ್ಲಿ ಎಲ್ಲರೂ ‘ನಿಧನರಾದರು’. ಒಮ್ಮೆ ಒಂದು ಸಾಲು ತಿದ್ದಿದೆ, ಹೀಗಿತ್ತು: ‘ಜನಾನುರಾಗಿಯಾದ ಇವರು ಭಾರಿ ಬಹುಮತದಿಂದ ವಿರೋಧಿಗಳನ್ನು ಧೂಳೀಪಟ ಮಾಡಿ ಆರಿಸಿ ಬಂದರು.’ ತಿದ್ದಿದ ಮೇಲೆ ಉಳಿದದ್ದು ವರ್ಷ, ಕ್ಷೇತ್ರ, ಪಕ್ಷ, ಮತಗಳ ಅಂತರ. ಅಂತರ ನಿಜಕ್ಕೂ ದೊಡ್ಡದಿತ್ತು. ಧೂಳು ಹಾರಿಸುವ ಅಗತ್ಯವೇ ಇರಲಿಲ್ಲ.

ಜಾತಿಯ ಮಾತು ಬಂದರೆ ಕೈ ಹಿಂದೆ ಕಟ್ಟಿಕೊಳ್ಳಿ. ಅಡ್ಡಹೆಸರು ನೋಡಿ ಒಳಪಂಗಡ ಊಹಿಸುವುದು ನಮ್ಮ ಜಿಲ್ಲೆಯವರಿಗೆ ರಕ್ತದಲ್ಲೇ ಬಂದಿದೆ. ಬದುಕಿರುವ ವ್ಯಕ್ತಿ ತಾವಾಗಿ ಹೇಳಿಕೊಂಡದ್ದು ಆಧಾರಸಮೇತ ಸಿಕ್ಕರೆ ಮಾತ್ರ ಬರೆಯಿರಿ. ಮಕ್ಕಳ ಹೆಸರು, ಮನೆ ವಿಳಾಸ, ಕಾಯಿಲೆ ಇವೂ ನಿಮಗೆ ಬೇಡದ ಉಸಾಬರಿ.

ಇನ್ನು ಸಾಹೇಬರ ಆಪ್ತ ಸಹಾಯಕರೇ, ಅಳಿಯಂದಿರೇ, ಸೋಷಿಯಲ್ ಮೀಡಿಯಾ ಹುಡುಗರೇ, ನಿಮಗೊಂದು ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು. 2005ರಲ್ಲಿ ಅಮೆರಿಕದ ಸಂಸದ ಮಾರ್ಟಿ ಮೀಹನ್‌ರ ಕಚೇರಿಯವರೇ ಕೂತು ಅವರ ಪುಟವನ್ನು ಬದಲಿಸಿದ್ದರು. ಇಷ್ಟೇ ಅವಧಿಗೆ ಸ್ಪರ್ಧಿಸುತ್ತೇನೆ ಅಂತ ಕೊಟ್ಟು ಮುರಿದ ಮಾತನ್ನು ಅಲ್ಲಿಂದ ಎತ್ತಿಬಿಟ್ಟಿದ್ದರು. ಮುಂದಿನ ವರ್ಷ ಮುಚ್ಚಿಟ್ಟ ಸಂಗತಿ ಪತ್ರಿಕೆಯ ಪಾಲಾಗಿ ದೇಶಕ್ಕೆಲ್ಲ ಗೊತ್ತಾಯಿತು. ಸಂಬಳಕ್ಕೆ ತಿದ್ದುವವರು ಅದನ್ನು ಬಹಿರಂಗ ಮಾಡಲೇಬೇಕು ಅಂತ 2014ರಿಂದ ವಿಕಿಮೀಡಿಯದ ಷರತ್ತೇ ಇದೆ. ತಪ್ಪಿದ್ದರೆ ಚರ್ಚೆಪುಟಕ್ಕೆ ಹೋಗಿ, ನಾನು ಇಂಥವರ ಕಡೆಯವ, ಈ ಸಾಲು ತಪ್ಪು, ಇದು ಆಧಾರ ಅಂತ ಬರೆಯಿರಿ. ಸಂಬಂಧವಿಲ್ಲದವರು ತಿದ್ದುತ್ತಾರೆ.

ಇದನ್ನು ನಾನೂ ಪೆಟ್ಟು ತಿಂದೇ ಕಲಿತೆ. ನಮ್ಮ ಸೋದರಮಾವ ತಾಲ್ಲೂಕು ಬೋರ್ಡಿನ ಸದಸ್ಯರಾಗಿದ್ದವರು. ‘ಊರಿಗೆ ಕೆರೆ ಕಟ್ಟಿಸಿದ ಮಹನೀಯರು’ ಅಂತ ಅವರ ಮೇಲೊಂದು ಪುಟವನ್ನೇ ಬರೆದೆ. ಎರಡೇ ದಿನಕ್ಕೆ ಆಧಾರವಿಲ್ಲ ಅಂತ ಅಳಿಸಿದರು. ಸಿಟ್ಟಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಮರುದಿನ ಅಟ್ಟ ಹತ್ತಿ ಹಳೆಯ ಟ್ರಂಕು ಇಳಿಸಿ ಹುಡುಕಿದೆ. ಕೆರೆಯ ಅರ್ಜಿಯ ನಕಲು ಸಿಕ್ಕಿತು. ಅದರ ಕೆಳಗೆ ಹದಿನೇಳು ಸಹಿ, ಮಾವನದು ಹನ್ನೊಂದನೆಯದು. ಕಟ್ಟಿಸಿದ್ದು ಸರ್ಕಾರ. ಮೊದಲ ಸಹಿ ಯಾರದೆಂದರೆ, ಮಾವ ಜೀವಮಾನವೆಲ್ಲ ಮಾತಾಡಿಸದ ಅವರ ಎದುರಾಳಿಯದು.

ಜಗಳ ಬಂದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ತಾಸಿನಲ್ಲಿ ಒಂದೇ ಪುಟವನ್ನು ಮೂರಕ್ಕಿಂತ ಹೆಚ್ಚು ಸಲ ಹಿಂದಕ್ಕೆ ತಿರುಗಿಸಿದರೆ ಖಾತೆಗೆ ತಡೆ ಬೀಳುತ್ತದೆ. ನೀವು ಮೂರಕ್ಕೂ ಹೋಗಬೇಡಿ. ಒಂದು ಸಲ ತಿದ್ದಿ, ಏಕೆ ತಿದ್ದಿದಿರಿ ಅಂತ ಸಾರಾಂಶದಲ್ಲಿ ಒಂದು ಸಾಲು ಬರೆಯಿರಿ. ಮತ್ತೆ ಅಳಿಸಿದರೆ ಚರ್ಚೆಪುಟ ತೆರೆಯಿರಿ. ಎದುರಿನವರನ್ನು ‘ಗುಲಾಮ’, ‘ಚಮಚಾ’ ಅನ್ನದೆ ನೇರ ಆ ಸಾಲಿನ ಬಗ್ಗೆ ಮಾತಾಡಿ. ಅಲ್ಲೂ ಬಗೆಹರಿಯದಿದ್ದರೆ ಕನ್ನಡ ವಿಕಿಪೀಡಿಯಕ್ಕೊಂದು ಅರಳಿಕಟ್ಟೆಯಿದೆ, ಹೆಸರೇ ಅದು. ಊರಿನ ಕಟ್ಟೆಯ ಹಾಗೆಯೇ ಎಲ್ಲರೂ ಬಂದು ಕೂರುವ ಜಾಗ. ಅಲ್ಲಿ ವಿಷಯ ಇಡಿ, ನಿರ್ವಾಹಕರಿಗೆ ತಿಳಿಸಿ, ಎರಡು ದಿನ ಬಿಡಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಎದುರಿನವ ಕೆಟ್ಟವನೇ ಅಂತ ಮೊದಲೇ ತೀರ್ಮಾನಿಸಬೇಡಿ. ಅವನಿಗೂ ಊರಿನ ಮೇಲೆ ಪ್ರೀತಿಯಿದೆ, ಸಾಹೇಬರು ಮಾತ್ರ ಬೇರೆ.

ಹೆಸರು ಮರೆಮಾಚಿಕೊಂಡಿದ್ದೇನೆ, ಯಾರಿಗೆ ಗೊತ್ತಾಗುತ್ತದೆ ಅಂತಲೂ ಮೈಮರೆಯಬೇಡಿ. ತನ್ನ ಪುಟದಲ್ಲಿ ತನ್ನ ಬಗ್ಗೆ ಬರೆದದ್ದು ಮಾನಹಾನಿ ಅಂತ ಎಎನ್ಐ ಸುದ್ದಿಸಂಸ್ಥೆ 2024ರ ಜುಲೈನಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ ಎರಡು ಕೋಟಿ ರೂಪಾಯಿ ಪರಿಹಾರ ಕೇಳಿತು. ಪುಟ ತಿದ್ದಿದವರ ವಿವರ ಕೊಡಿ ಅಂತ ನ್ಯಾಯಾಲಯವೂ ಕೇಳಿತು. ನ್ಯಾಯ ಯಾವ ಕಡೆಗೆ ಅನ್ನುವ ವಾದ ನನಗೆ ಬೇಡ. ಆದರೆ ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 356ನೇ ಕಲಂ ಇದೆ ಅನ್ನುವುದನ್ನು ಬರೆಯುವ ಮೊದಲು ನೆನಪಿಸಿಕೊಳ್ಳಿ. ಆಧಾರವಿಟ್ಟು ಬರೆದವರು ನೆಮ್ಮದಿಯಿಂದ ಮಲಗಬಹುದು.

ಹೊಸಬರಾದರೆ ಸೀದಾ ಶಾಸಕರ ಪುಟಕ್ಕೆ ಕೈ ಹಾಕಬೇಡಿ. ನಿಮ್ಮ ಪ್ರಯೋಗಪುಟದಲ್ಲಿ ಬರೆದು, ಎದುರು ಪಕ್ಷದ ಗೆಳೆಯನೊಬ್ಬನಿಗೆ ಓದಲು ಕೊಡಿ. ಅವನ ಹುಬ್ಬು ಎಲ್ಲಿ ಗಂಟಿಕ್ಕುತ್ತದೆಯೋ ಅಲ್ಲಿ ಗುರುತು ಹಾಕಿ. ಬೈಲಹೊಂಗಲದ ಸಂತೆಗೆ ಬಂದಾಗ ಇಬ್ಬರೂ ನಮ್ಮ ಮನೆಗೂ ಬಂದು ಹೋಗಿ. ಮೂವತ್ತು ವರ್ಷದ ಪತ್ರಿಕೆ ಕಟ್ಟುಗಳು ಅಟ್ಟದ ಮೇಲಿವೆ, ಮೊಣಕಾಲು ನೋವಿನಿಂದ ನಾನೀಗ ಏಣಿ ಹತ್ತುವುದಿಲ್ಲ. ಒಬ್ಬರು ಏಣಿ ಹಿಡಿಯಿರಿ, ಒಬ್ಬರು ಹತ್ತಿ ಇಳಿಸಿ. ಚಹಾ ನಾನು ಇಡುತ್ತೇನೆ.