ಕಣ್ಣಂಚಿನ ಸುಕ್ಕುಗಳು

ಕಾಸಿದ ಹಾಲು ಆರಿದಾಗ ಅದರ ಮೇಲೆ ಕೆನೆ ಕಟ್ಟುವುದನ್ನು ನಾವೆಲ್ಲರೂ ಬಲ್ಲೆವು. ಬಟ್ಟಲಿನ ಒಂದು ಅಂಚಿನಿಂದ ಮೆಲ್ಲನೆ ಊದಿದರೆ ಆ ಕೆನೆಯು ಎದುರಿನ ಅಂಚಿಗೆ ಒತ್ತಿಕೊಂಡು ಸಾಲುಸಾಲಾಗಿ ನೆರಿಗೆಗಟ್ಟುತ್ತದೆ. ನೆರಿಗೆಗಳು ಉಸಿರಿನ ದಿಕ್ಕಿಗೆ ಅಡ್ಡಲಾಗಿರುವುದನ್ನು ಗಮನಿಸಬೇಕು. ಈ ಸಣ್ಣ ಪ್ರಯೋಗವನ್ನು ನೆನಪಿನಲ್ಲಿರಿಸಿಕೊಂಡು, ವಯಸ್ಸಾದಂತೆ ಕಣ್ಣಿನ ಸುತ್ತ ಸುಕ್ಕುಗಳು ಏಕೆ ಮೂಡುತ್ತವೆಂಬುದನ್ನು ವಿಚಾರಿಸೋಣ.

ತೆಳುವಾದ ಹಾಳೆಯನ್ನು ಎರಡು ಬದಿಗಳಿಂದ ಒತ್ತಿದರೆ, ಕುಗ್ಗುವುದಕ್ಕಿಂತ ಬಾಗುವುದೇ ಅದಕ್ಕೆ ಸುಲಭ. ಬಾಗುವಿಕೆಗೆ ಹಾಳೆಯು ಒಡ್ಡುವ ಪ್ರತಿರೋಧವು ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ದಪ್ಪವು ಅರ್ಧವಾದರೆ ಪ್ರತಿರೋಧವು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ರೆಪ್ಪೆಯ ಚರ್ಮವೋ ದೇಹದಲ್ಲೆಲ್ಲ ಅತ್ಯಂತ ತೆಳುವಾದುದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ.

ಕಣ್ಣಿನ ಸುತ್ತ ಬಳೆಯಾಕಾರದ ಒಂದು ಸ್ನಾಯುವಿದೆ. ನಕ್ಕಾಗಲೂ ಬಿಸಿಲಿಗೆ ಕಣ್ಣು ಕಿರಿದುಮಾಡಿದಾಗಲೂ ಅದು ಸಂಕುಚಿಸುತ್ತದೆ. ಕಣ್ಣಿನ ಹೊರಮೂಲೆಯಲ್ಲಿ ಅದರ ತಂತುಗಳು ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ಚರ್ಮವು ಅದೇ ದಿಕ್ಕಿನಲ್ಲಿ ಒತ್ತಲ್ಪಡುತ್ತದೆ. ನೆರಿಗೆಗಳು ಅದಕ್ಕೆ ಅಡ್ಡಲಾಗಿ, ಬೀಸಣಿಗೆಯ ಕಡ್ಡಿಗಳಂತೆ ಹೊರಕ್ಕೆ ಹರಡುತ್ತವೆ. ಮುಖದ ಒಂದು ಪಾರ್ಶ್ವದ ಸ್ನಾಯುಗಳು ನಿಶ್ಚಲವಾದವರಲ್ಲಿ ಆ ಬದಿಯ ಸುಕ್ಕುಗಳು ಮಾಸುವುದು ಈ ವಾದಕ್ಕೆ ಪ್ರಬಲವಾದ ಸಾಕ್ಷಿ.

ಆದರೆ ಮಗು ನಕ್ಕಾಗಲೂ ನೆರಿಗೆ ಮೂಡುತ್ತದೆ. ನಗು ನಿಂತೊಡನೆ ಮಾಯವಾಗುತ್ತದೆ. ವೃದ್ಧರಲ್ಲಿ ಅದು ಉಳಿಯುವುದೇಕೆ? ಉತ್ತರವು ಒಳಚರ್ಮದಲ್ಲಿದೆ. ಅದರ ಒಣತೂಕದ ಸುಮಾರು ಮುಕ್ಕಾಲು ಪಾಲು ಕೊಲಾಜನ್ ಎಂಬ ಪ್ರೋಟೀನು. ಇದು ಚರ್ಮಕ್ಕೆ ಗಟ್ಟಿತನವನ್ನು ಕೊಡುತ್ತದೆ. ಎಲಾಸ್ಟಿನ್ ಎಂಬ ಇನ್ನೊಂದು ಪ್ರೋಟೀನು ಎಳೆದ ಚರ್ಮವನ್ನು ಮರಳಿ ಸ್ವಸ್ಥಾನಕ್ಕೆ ತರುತ್ತದೆ. ಪ್ರಾಯ ಬಂದ ಮೇಲೆ ಕೊಲಾಜನ್ ವರ್ಷಕ್ಕೆ ಸುಮಾರು ಶೇಕಡ 1ರಂತೆ ಕ್ಷೀಣಿಸುತ್ತದೆ. ಎಲಾಸ್ಟಿನ್ ಹೊಸದಾಗಿ ಉತ್ಪತ್ತಿಯಾಗುವುದು ಅತ್ಯಲ್ಪ. ಹೀಗೆ ಸಾವಿರಾರು ಬಾರಿ ಮಡಿಸಿದ ಕಾಗದದಂತೆ ಚರ್ಮದಲ್ಲಿ ಮಡಿಕೆಯ ಗುರುತು ನಿಂತುಬಿಡುತ್ತದೆ.

ಈ ಕ್ಷಯವನ್ನು ತ್ವರಿತಗೊಳಿಸುವುದು ಸೂರ್ಯನ ನೇರಳಾತೀತ ಕಿರಣ. ಅದರಲ್ಲಿ 315ರಿಂದ 400 ನ್ಯಾನೋಮೀಟರ್ ತರಂಗದೂರದ ಭಾಗವು ಒಳಚರ್ಮದವರೆಗೂ ಇಳಿದು, ಕೊಲಾಜನ್ನನ್ನು ತುಂಡರಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಸಾಮಾನ್ಯ ಗಾಜು ಇದನ್ನು ಪೂರ್ತಿಯಾಗಿ ತಡೆಯಲಾರದು. 28 ವರ್ಷ ಸರಕಿನ ಲಾರಿ ನಡೆಸಿದ್ದ, 69 ವರ್ಷ ವಯಸ್ಸಿನ ಒಬ್ಬನ ಚಿತ್ರವು 2012ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಆಳವಾಗಿ ಸುಕ್ಕುಗಟ್ಟಿತ್ತು. ಬಲಗೆನ್ನೆ ಎಷ್ಟೋ ನಯವಾಗಿತ್ತು. ವಯಸ್ಸು ಎರಡಕ್ಕೂ ಒಂದೇ; ಬಿದ್ದ ಬೆಳಕು ಮಾತ್ರ ಬೇರೆ!

ನಮ್ಮ ಚರ್ಮದ ಕಪ್ಪು ವರ್ಣದ್ರವ್ಯವು ಈ ಕಿರಣಗಳಿಂದ ಕೊಂಚ ರಕ್ಷಣೆ ನೀಡುತ್ತದೆ, ಸಂಪೂರ್ಣವಾಗಿ ಅಲ್ಲ. ಕೊಲಾಜನ್ ಬೆರೆಸಿದ ಲೇಪಗಳನ್ನು ಹಚ್ಚಿ ಹೋದುದನ್ನು ತುಂಬಿಕೊಳ್ಳುವೆವೆಂಬುದೂ ಭ್ರಮೆಯೇ. ಆ ಅಣುವು ಚರ್ಮವನ್ನು ದಾಟಲಾರದಷ್ಟು ದೊಡ್ಡದು. ಹಾನಿಯು ವಿದ್ಯಾರ್ಥಿದೆಸೆಯಲ್ಲಿಯೇ, ಕಣ್ಣಿಗೆ ಕಾಣದಂತೆ ಸಂಚಯವಾಗತೊಡಗುತ್ತದೆ. ನಡುಹಗಲಿನಲ್ಲಿ ಒಂದು ಕೊಡೆ ಅಥವಾ ಅಗಲ ಅಂಚಿನ ಟೋಪಿಯು ಎಷ್ಟೋ ಲೇಪಗಳಿಗಿಂತ ಮೇಲು. ಬಿಸಿಲಿನ ಗುರುತುಗಳನ್ನು ನಾವು ಕಡಿಮೆ ಮಾಡಿಕೊಳ್ಳಬಹುದು. ನಗೆಯ ಗುರುತುಗಳಿಗೆ ಅಂಜಬೇಕಾದುದಿಲ್ಲ.