ಹಿತ್ತಲಿನ ಹರೆಯದ ಹುಂಜ

ದಿನವೂ ಕಣ್ಣಿಗೆ ಬೀಳುವುದನ್ನು ನಾವು ನೋಡುವುದೇ ಇಲ್ಲವೆಂಬುದಕ್ಕೆ ಹಿತ್ತಲಿನ ಕೋಳಿಯೇ ಸಾಕ್ಷಿ. ತನ್ನ ಕೋಳಿ ಕೂಗದೆ ಬೆಳಗಾಗದೆಂದು ನಂಬಿದ ಮುದುಕಿಯ ಕಥೆಯನ್ನು ಎಲ್ಲರೂ ಬಲ್ಲೆವು. ಆ ಕೋಳಿ ಏಕೆ ಕೂಗುತ್ತದೆಂದು ಕೇಳಿದವರು ಕಡಮೆ. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದ ಹುಂಜವನ್ನು ನಮ್ಮೂರಿನಲ್ಲಿ ಅಪಶಕುನವೆಂದು ಕೊಯ್ದುಬಿಡುವರು. ಜನರ ಮೇಲೆ ಹಾರಿ ಬೀಳುವ ಹುಂಜಕ್ಕೂ ಅದೇ ಗತಿ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುವುದು ನಿಜ. ಆದರೆ ಕಾವಿಗೆ ಕೂರಿಸಿದ ಆ ಮೊಟ್ಟೆಗಳಿಂದ ಮರಿಯಾಗದು. ಮೊಟ್ಟೆ, ಮರಿಗಳನ್ನು ಮಾರಿ ಮಕ್ಕಳ ಪುಸ್ತಕಕ್ಕೆ ಹಣ ಹೊಂದಿಸುವ ತಾಯಂದಿರಿಗೆ ಇದು ಸಣ್ಣ ನಷ್ಟವಲ್ಲ. ನಾನು ಓದಿದ್ದೂ ಅಂಥ ಹಣದಿಂದಲೇ. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರಿಸಿ ನೋಡುವುದು ಉಚಿತ.

ಕೋಳಿಗಳ ಗುಂಪಿನಲ್ಲಿ ಒಂದು ಕಟ್ಟುಪಾಡುಂಟು. ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸರು 1920ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದರು. ಮೇಲಿನ ಅಂತಸ್ತಿನ ಕೋಳಿ ಕೆಳಗಿನದನ್ನು ಕುಕ್ಕುವುದು; ಕೆಳಗಿನದು ತಿರುಗಿ ಕುಕ್ಕದು. ಅಂತಸ್ತು ನಿಶ್ಚಯವಾದ ಮೇಲೆ ಜಗಳ ಕಡಮೆಯಾಗುವುದು. ಆದರೆ ಮರಿಯೊಂದು ಪ್ರಾಯಕ್ಕೆ ಬಂದಾಗ ಈ ವ್ಯವಸ್ಥೆ ಅಲುಗಾಡುತ್ತದೆ.

ಹುಂಜದ ಮರಿಗೆ ಎರಡು ಮೂರು ತಿಂಗಳಾಗುವ ವೇಳೆಗೆ ಜುಟ್ಟು ಕೆಂಪೇರುವುದು, ಒಡಕು ದನಿಯ ಕೂಗು ಹೊರಡುವುದು. ಇದಕ್ಕೆ ಕಾರಣವೇನು? 1849ರಲ್ಲಿ ಜರ್ಮನಿಯ ಬೆರ್ಟೋಲ್ಡ್ ಎಂಬವರು ಹುಂಜದ ಮರಿಗಳ ವೃಷಣಗಳನ್ನು ತೆಗೆದು ನೋಡಿದರು. ಅವುಗಳ ಜುಟ್ಟು ಬೆಳೆಯಲಿಲ್ಲ. ಕೂಗು, ಕಾದಾಟಗಳೂ ಇಲ್ಲವಾದವು. ವೃಷಣವನ್ನು ಹೊಟ್ಟೆಯೊಳಗೆ ಮತ್ತೆ ನೆಟ್ಟ ಮರಿಗಳಾದರೋ ಎಂದಿನ ಹುಂಜಗಳಾಗಿ ಬೆಳೆದವು. ಅಲ್ಲಿಂದ ರಕ್ತಕ್ಕೆ ಸೇರುವ ರಸವೇ ಇದಕ್ಕೆಲ್ಲ ಮೂಲವೆಂದು ಈಗ ತಿಳಿದಿದೆ. ಹುಂಜದ ಪುಂಡಾಟ ದುಷ್ಟತನವಲ್ಲ, ದೇಹಧರ್ಮ.

ರಜೆಯಲ್ಲಿ ನಮ್ಮ ಹಿತ್ತಲಿನಲ್ಲಿ ಒಂದು ಹಳೆಯ ಹುಂಜವನ್ನೂ ಒಂದು ಹರೆಯದ ಹುಂಜವನ್ನೂ ಗಮನಿಸಿದೆನು. ಹಳೆಯದು ಕಾಳು ಕಂಡರೆ ತಾನು ನುಂಗದೆ, ಎತ್ತಿ ಕೆಳಗಿಟ್ಟು, 'ಕೊಕ್ ಕೊಕ್' ಎಂದು ಹೇಂಟೆಗಳನ್ನು ಕರೆಯುವುದು. ಒಂದು ರೆಕ್ಕೆಯನ್ನು ಇಳಿಬಿಟ್ಟು ಅವುಗಳ ಸುತ್ತ ತಿರುಗುವುದು. ಹರೆಯದ್ದಕ್ಕೆ ಈ ಉಪಚಾರ ತಿಳಿಯದು. ಹಿಂದಿನಿಂದ ಬಂದು ಕತ್ತಿನ ಪುಕ್ಕ ಹಿಡಿಯುವುದು, ಹೇಂಟೆ ಅರಚುವುದು, ಹಳೆಯದು ಧಾವಿಸಿ ಬರುವುದು, ಚಿಕ್ಕದು ಹುಲ್ಲಿನ ಮೆದೆಯ ಹಿಂದೆ ಮರೆಯಾಗುವುದು. ಕೆಲವು ವಾರ ಕಳೆದ ಮೇಲೆ ಅದೂ ಕರೆಯತೊಡಗಿತು. ಒಮ್ಮೊಮ್ಮೆ ಕೊಕ್ಕಿನಲ್ಲಿದ್ದುದು ಕಾಳಲ್ಲ, ಬರಿಯ ಕಡ್ಡಿ!

ಕೂಗಿನ ವಿಚಾರದಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರ ಮತ್ತು ಯೋಶಿಮುರ ಅವರ ಸಂಶೋಧನೆ ಉಲ್ಲೇಖಾರ್ಹ. ಸದಾ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ಬೆಳಗಿನ ವೇಳೆಯನ್ನರಿತು ಕೂಗಿದುದನ್ನು 2013ರಲ್ಲಿ ಅವರು ಪ್ರಕಟಿಸಿದರು. ಹುಂಜದ ಮೈಯೊಳಗೇ ಒಂದು ಗಡಿಯಾರವುಂಟು. ಬೆಳಗಿನಲ್ಲಿ ಮೊದಲು ಕೂಗುವುದು ಮೇಲಿನ ಅಂತಸ್ತಿನ ಹುಂಜ, ಉಳಿದವು ಅನುಕ್ರಮವಾಗಿ ಕೂಗುವುವೆಂದು 2015ರಲ್ಲಿ ತಿಳಿದುಬಂತು. ದೀಪದ ಬೆಳಕು ಬಿದ್ದರೂ, ಬೇರೊಂದು ಹುಂಜದ ದನಿ ಕೇಳಿದರೂ ಅದು ಕೂಗೀತು. ಹೀಗಿರಲು ರಾತ್ರಿಯ ಕೂಗಿಗೆ ಸಾವು ನೋವುಗಳ ಸಂಬಂಧ ಕಟ್ಟುವುದೇಕೆ?

ಇನ್ನು ಮನುಷ್ಯರ ಮೇಲೆ ಬೀಳುವ ಹುಂಜದ ಮಾತು. ಅದು ನಮ್ಮನ್ನೂ ಎದುರಾಳಿಯೆಂದೇ ಎಣಿಸುತ್ತದೆ. ಓಡಿದರೆ ತಾನು ಗೆದ್ದೆನೆಂದುಕೊಳ್ಳುವುದು. ಒದ್ದರೆ ಕಾದಾಟಕ್ಕೆ ಕರೆದಂತಾಗುವುದು. ಅಲುಗದೆ ನಿಂತು, ಬಳಿಕ ನಿಧಾನವಾಗಿ ಮುಂದಡಿಯಿಟ್ಟು ಅದನ್ನೇ ಹಿಂದೆ ಸರಿಸುವುದು ಮೇಲು. ಚಿಕ್ಕ ಮಕ್ಕಳನ್ನು ಮಾತ್ರ ಅದರ ಹತ್ತಿರ ಬಿಡಬಾರದು. ಕಾಲಿನ ಮುಳ್ಳು ಕಣ್ಣಿಗೆ ತಗಲೀತು. ಕಾಳನ್ನು ನಾಲ್ಕಾರು ಕಡೆ ಚೆಲ್ಲಿದರೆ, ಅವಿತುಕೊಳ್ಳಲು ಮರೆಯಿದ್ದರೆ, ಹುಂಜಗಳ ನಡುವಿನ ಜಗಳವೂ ತಗ್ಗುವುದು. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು.

ಇಷ್ಟಾದರೂ ಪಳಗದ ಹುಂಜವನ್ನು ಮಾರುವುದು ತಪ್ಪಲ್ಲ; ಬಡವರ ಹಿತ್ತಲು ಮೃಗಾಲಯವಲ್ಲ. ಆದರೆ ಆ ತೀರ್ಮಾನಕ್ಕೆ ಆಧಾರ ನಾವು ಕಣ್ಣಾರೆ ಕಂಡ ನಡತೆಯಾಗಿರಬೇಕೇ ಹೊರತು ಶಕುನವಾಗಿರಬಾರದು. ಕಾಲೇಜಿನ ಓದು ಹಳ್ಳಿಯ ಮನೆಗೆ ಇಷ್ಟು ಪ್ರಯೋಜನಕ್ಕಾದರೂ ಬರಬೇಕೆಂದು ನನ್ನ ಭಾವನೆ.