ಪ್ರತಿ ಮತ್ತು ಬೀಗ: ಚಲನಚಿತ್ರ ಡಿಸ್ಕಿನಿಂದ ಒಂದು ಪಾಠ

ಗ್ರಂಥಸಂಪಾದನೆಯನ್ನು ಅಭ್ಯಸಿಸುವ ವಿದ್ಯಾರ್ಥಿಗೆ ‘ಪ್ರತಿ’ ಎಂಬುದು ಪರಿಚಿತ ಪರಿಭಾಷೆ. ಮರಾಠಿಯ ‘ಪ್ರತ’ವೂ ಇದೇ. ಓಲೆಗರಿಗೆ ಹುಳು ಹಿಡಿಯುವ ಮುನ್ನ ಲಿಪಿಕಾರನು ಇನ್ನೊಂದು ಪ್ರತಿಯನ್ನು ಮಾಡಿದ್ದರಿಂದಲೇ ಹಳಗನ್ನಡ ಕಾವ್ಯಗಳು ನಮ್ಮವರೆಗೆ ಬಂದಿವೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧ. ಚಲನಚಿತ್ರವನ್ನೂ ಪಠ್ಯವೆಂದು ಓದುವ ನಾವು ಅದರ ಪ್ರತಿಗಳ ಗತಿಯೇನೆಂದು ವಿಚಾರಿಸಬೇಕಾಗಿದೆ.

ಡಿವಿಡಿ 1996ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಿತು. ಅದಕ್ಕೆ ಎರಡು ಬೀಗಗಳಿದ್ದವು. ಮೊದಲನೆಯದು ಗೂಢಲಿಪಿ: ಚಿತ್ರದ ದತ್ತಾಂಶವನ್ನು ಕಲಸಿಟ್ಟು, ಪರವಾನಗಿ ಪಡೆದ ಯಂತ್ರಕ್ಕೆ ಮಾತ್ರ ಕೀಲಿಯನ್ನು ಒದಗಿಸುವ ಕ್ರಮ. ಎರಡನೆಯದು ವಲಯಸಂಕೇತ: ಜಗತ್ತನ್ನು ಆರು ಭೌಗೋಳಿಕ ವಲಯಗಳಾಗಿ ವಿಭಜಿಸಲಾಯಿತು. ಅಮೆರಿಕ ಮೊದಲನೆಯದು, ಭಾರತ ಐದನೆಯದು. ಬಂಧುವೊಬ್ಬರು ಅಮೆರಿಕದಿಂದ ತಂದುಕೊಟ್ಟ ಡಿಸ್ಕೊಂದನ್ನು ತರಗತಿಯಲ್ಲಿ ತೋರಿಸಹೋಗಿ, ಪರದೆಯ ಮೇಲೆ ಒಂದು ಸಾಲಿನ ನಿರಾಕರಣೆಯನ್ನಷ್ಟೇ ಕಂಡು ನಾನು ಪೆಚ್ಚಾದದ್ದುಂಟು. ಆದರೆ ಆ ಗೂಢಲಿಪಿಯನ್ನು ಬಿಡಿಸುವ ಸಣ್ಣ ತಂತ್ರಾಂಶ 1999ರಲ್ಲಿಯೇ ಹೊರಬಿದ್ದಿತ್ತು. ಕಳ್ಳಪ್ರತಿ ಮಾಡುವವರಿಗೆ ದಾರಿ ತೆರೆಯಿತು; ಹಣ ತೆತ್ತು ಕೊಂಡವರು ಹೊರಗುಳಿದರು.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗ ಮುರಿಯುವುದನ್ನು ಶಿಕ್ಷಾರ್ಹವೆನ್ನುತ್ತದೆ. ಕಾಯ್ದೆಯು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಗಳಿಗೆ ಅದು ಅಡ್ಡಿಯಾಗದೆಂದೂ ಹೇಳುತ್ತದೆ. ‘ಉದ್ದೇಶ’ ಎಂಬ ಪದದ ಮೇಲೆಯೇ ಇಡೀ ಕಲಮು ನಿಂತಿರುವುದನ್ನು ಗಮನಿಸಿರಿ.

ಈಗ ಡಿಸ್ಕೇ ಮರೆಯಾಗುತ್ತಿದೆ. ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕಳುಹಿಸಿ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಸ್ಥಳವೇ ಇರುವುದಿಲ್ಲ. ಮೊಬೈಲಿನಲ್ಲಿ ಚಿತ್ರ ಸುಲಭವಾಗಿ ದೊರೆಯುವುದು ನಿಜ. ಆದರೆ ಅಲ್ಲಿ ನಮಗಿರುವುದು ನೋಡುವ ಅನುಮತಿ ಮಾತ್ರ. ಒಪ್ಪಂದ ಮುಗಿದರೆ ಚಿತ್ರವು ಪಟ್ಟಿಯಿಂದ ಇಲ್ಲವಾಗಬಹುದು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೂ ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ಚಿತ್ರವನ್ನೂ ತೌಲನಿಕವಾಗಿ ಅಭ್ಯಸಿಸುವ ವಿದ್ಯಾರ್ಥಿಗೆ ಕಾದಂಬರಿ ಗ್ರಂಥಾಲಯದಲ್ಲಿ ಸಿಗುತ್ತದೆ. ಚಿತ್ರವೂ ಹಾಗೆಯೇ ಸಿಗಬೇಡವೆ?

ಈ ಪ್ರಶ್ನೆ ನಮಗೆ ದೂರದ್ದಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ನಮ್ಮ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಚಿತ್ರಕ್ಕೆ ಯಾವ ಬೀಗವೂ ಇರಲಿಲ್ಲ. ಪ್ರತಿ ಮಾಡಿಸಿ ಕಾಪಾಡುವ ಅತ್ತಿಮಬ್ಬೆಯೂ ದೊರೆಯಲಿಲ್ಲ.

ಅಭ್ಯಾಸ: ನಿಮ್ಮ ಮನೆಯಲ್ಲಿಯೂ ನೆರೆಹೊರೆಯಲ್ಲಿಯೂ ಇರುವ ಕನ್ನಡ ಚಿತ್ರಗಳ ಡಿಸ್ಕುಗಳನ್ನು ಹುಡುಕಿ, ಚಿತ್ರದ ಹೆಸರು, ವರ್ಷ, ನಿರ್ದೇಶಕರು, ಡಿಸ್ಕಿನ ಸ್ಥಿತಿ ಇವುಗಳ ಪಟ್ಟಿಯನ್ನು ಸಿದ್ಧಪಡಿಸಿ ವಿಭಾಗಕ್ಕೆ ಒಪ್ಪಿಸಿರಿ.